ಸಮುದ್ರಕ್ಕೆ ಐದೇ ನಿಮಿಷ

ಮದುವೆಯಾಗಿ ಇಪ್ಪತ್ತೆರಡು ವರ್ಷಗಳಾದ ಮೇಲೆ ನಾನೊಂದು ಐತಿಹಾಸಿಕ ನಿರ್ಧಾರ ಕೈಗೊಂಡೆ. ನಾನು, ನನ್ನ ಗಂಡ, ಇಬ್ಬರೇ ಎರಡು ದಿನ ಹೊರಗೆ ಹೋಗಿ ಬರುವುದು! ಹೊನ್ನಾವರದ ಕಡೆ ಗುಡ್ಡದ ಮೇಲೊಂದು ಹಳ್ಳಿ, ಕೆಳಗೆ ಸಮುದ್ರ. ಫೋನಿನಲ್ಲಿ ಚಿತ್ರ ನೋಡಿದೆ, ಹೋಮ್‌ಸ್ಟೇ ಬುಕ್ ಮಾಡಿದೆ. ಕೊಳ್ಳೇಗಾಲದ ಕಚೇರಿಯಲ್ಲಿ ಊರಿನವರ ಅರ್ಜಿಗಳನ್ನೆಲ್ಲ ವಿಲೇವಾರಿ ಮಾಡುವವಳಿಗೆ ಇದೇನು ಮಹಾ! ಅಲ್ಲಿಯವರೆಗೆ ನಾನು ಸಮುದ್ರವನ್ನೇ ನೋಡಿರಲಿಲ್ಲ.

ಅತ್ತೆಗೆ ಹೇಳಿದ್ದು ಮೊದಲ ತಪ್ಪು. ಬಾಯಿಮಾತಿಗೆ “ನೀವೂ ಬನ್ನಿ ಅತ್ತೆ” ಅಂದೆ. ಅವರಿಗೆ ಮಂಡಿನೋವು. ಬರುವುದಿಲ್ಲವೆಂಬ ಪೂರ್ಣ ಭರವಸೆ ನನಗಿತ್ತು.

“ಆಗ್ಲಿ ಕಣವ್ವ. ಕಣ್ ಮುಚ್ಚಾದ್ರೊಳ್ಗೆ ಒಂದ್ಸಲ ನೋಡ್ಬುಡ್ತೀನಿ” ಅಂದುಬಿಟ್ಟರು!

ಅತ್ತೆ ಬಂದಮೇಲೆ ಮಾಂಬಳ್ಳಿಯ ನಾದಿನಿ ಸುಧಾಳನ್ನು ಕರೆಯದಿರಲಾದೀತೇ? ಅವಳಿಗೂ ಬಾಯಿಮಾತಿಗೇ ಹೇಳಿದೆ. ಗಂಡ, ಮೂರು ಮಕ್ಕಳ ಸಮೇತ ಬಂದಳು. ಕಾರು ಹೋಗಿ ಟೆಂಪೊ ಟ್ರಾವೆಲರ್, ಅಂದರೆ ಟಿಟಿ ಆಯಿತು. ಟಿಟಿಯಲ್ಲಿ ಜಾಗವಿದೆಯಲ್ಲ ಎಂದು ನಾನೇ ಕುಕ್ಕರು, ರಾಗಿಹಿಟ್ಟನ್ನೂ ಹತ್ತಿಸಿದೆ. ಇಬ್ಬರ ಏಕಾಂತಕ್ಕೆ ಎಂಟು ಜನ!

ಗಂಡ ಮಾತ್ರ ಖುಷಿಯಾಗಿದ್ದರು. “ನಾವಿಬ್ರೇ ಓಗಿ ಏನ್ ಮಾಡಾದಮ್ಮಿ, ಮಕಮಕ ನೋಡ್ಕಂಡು?”

ರಾತ್ರಿಯಿಡೀ ಪ್ರಯಾಣ ಮಾಡಿ, ಕತ್ತಲಲ್ಲೇ ಘಟ್ಟ, ಕರಾವಳಿ ದಾಟಿ, ಶನಿವಾರ ಬೆಳಗಾಗುವ ಹೊತ್ತಿಗೆ ತಲುಪಿದೆವು. ಹೋಮ್‌ಸ್ಟೇ ಯಜಮಾನಿ, “ಹಿತ್ತಲಿನ ಗುಡ್ಡ ಹತ್ತಿ ಅಕ್ಕ, ಐದೇ ನಿಮಿಷ. ಸಮುದ್ರ ಪೂರಾ ಕಾಣ್ತದೆ” ಅಂದರು. ನಾನು ಹೊರಟೇಬಿಟ್ಟಿದ್ದೆ. ಅಷ್ಟರಲ್ಲಿ ಅತ್ತೆ ಅಡುಗೆಮನೆಗೆ ಇಣುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಮೀನ್ ಬೇಯ್ಸಿದ್ ಪಾತ್ರೇಲಿ ನಾನ್ ಉಣ್ಣಕಿಲ್ಲ ಕಣವ್ವ.”

“ನಾನಿದ್ದೀನಲ್ಲ ಅತ್ತೆ!” ಅಂದೆ. ಯಾರೂ ಕೇಳಿರಲಿಲ್ಲ, ನಾನೇ ಅಂದೆ.

ಅತ್ತೆಗೆಂದು ಮಾಡಿದ ಉಪ್ಪಿಟ್ಟು ಎಂಟೂ ಜನಕ್ಕೆ ಇಷ್ಟವಾಯಿತು. ಆಮೇಲೆ ಅವರೆಲ್ಲ ಟಿಟಿ ಹತ್ತಿ ಕೆಳಗೆ ಬೀಚಿಗೆ ಹೋದರು. ನಾನು ಮಧ್ಯಾಹ್ನದ ಮುದ್ದೆಗೆ ನಿಂತೆ. “ಸಂಜೆಗೆ ನಿನ್ನ ಕರ್ಕೊಂಡ್ ಓಯ್ತೀನಿ” ಎಂದಿದ್ದ ಗಂಡ ಉಂಡು ಮಲಗಿ, ಕತ್ತಲಾದ ಮೇಲೆ ಎದ್ದರು. ನಾನು ಅಷ್ಟು ಹೊತ್ತೂ ಮಕ್ಕಳ ಬಟ್ಟೆಯಿಂದ ಮರಳು ಒದರುತ್ತಿದ್ದೆ. ಅರಬ್ಬೀ ಸಮುದ್ರದ ಸುಮಾರು ಭಾಗ ಹೀಗೆ ನನ್ನ ಕೈಗೇ ಬಂದಿತ್ತು!

ಭಾನುವಾರ ಎಲ್ಲರಿಗಿಂತ ಮೊದಲು ಎದ್ದು, ಯಾರಿಗೂ ಹೇಳದೆ ಗುಡ್ಡ ಹತ್ತಿದೆ. ಎದುರಿಗೆ ಬರೀ ಮಂಜು. ಆದರೆ ಸದ್ದು ಕೇಳುತ್ತಿತ್ತು. ದೊಡ್ಡದೊಂದು ಉಸಿರು ಬಂದು ಹೋಗುವಂಥ ಸದ್ದು. ಒಂದು ಕಲ್ಲಿನ ಮೇಲೆ ಕೂತೆ. ಎಷ್ಟೋ ವರ್ಷಗಳ ನಂತರ ನನ್ನನ್ನು ಯಾರೂ ಏನೂ ಕೇಳದ ಹತ್ತು ನಿಮಿಷ. ಮಂಜು ತೆಳುವಾಗತೊಡಗಿತ್ತು.

“ಅತ್ಗೇ! ಟೀ ಪುಡಿ ಎಲ್ಲಿಟ್ಟಿದ್ದೀರಿ?” ಕೆಳಗಿನಿಂದ ಸುಧಾ ಕೂಗಿದಳು.

ಅಲ್ಲಿಂದಲೇ ಕೂಗಿ ಹೇಳಬಹುದಿತ್ತು. ಕೇಳಿಸಲಿಲ್ಲವೆಂದು ಕೂತಿರಲೂಬಹುದಿತ್ತು. ಇಳಿದು ಹೋದೆ!

ನಾನು ಟೀ ಸೋಸುವ ಹೊತ್ತಿಗೆ ಬಿಸಿಲು ಬಂತು. ಎಲ್ಲರೂ ಲೋಟ ಹಿಡಿದು ಗುಡ್ಡ ಹತ್ತಿದರು. ಮಂಡಿನೋವಿನ ಅತ್ತೆಯೂ, ಮಗನ ಹೆಗಲು ಹಿಡಿದು. ಒಲೆಯ ಮೇಲೆ ಚಿತ್ರಾನ್ನದ ಒಗ್ಗರಣೆಯಿತ್ತು. ನಾನು ಅದನ್ನು ನೋಡಿಕೊಂಡೆ.

ವಾಪಸು ಹೊರಟಾಗ ಹಿಂದಿನ ಸೀಟಿನಲ್ಲಿ ಕೂತವಳು ಹಾಗೇ ನಿದ್ದೆಹೋದೆ. ಎಚ್ಚರವಾದಾಗ ಘಟ್ಟ ಹತ್ತಿ ಎಷ್ಟೋ ದೂರ ಬಂದಾಗಿತ್ತು.

“ಕೆಳ್ಗೆ ಸಮುದ್ರ ರೋಡ್ ಪಕ್ಕದಲ್ಲೇ ಇತ್ತು ಕಣಮ್ಮಿ, ಅರ್ಧ ಗಂಟೆ!” ಅಂದರು ಗಂಡ. “ಪಾಪ, ಸುಸ್ತಾಗಿದ್ಯಲ್ಲ ಅಂತ ಎಬ್ಬುಸ್ನಿಲ್ಲ.”

ಸೋಮವಾರ ಕಚೇರಿಯಲ್ಲಿ ಪಕ್ಕದ ಮೇಜಿನವಳು ಕುರ್ಚಿ ಎಳೆದುಕೊಂಡು ಬಂದಳು. “ಹೇಳಿ ಮೇಡಂ, ಸಮುದ್ರ ಹೆಂಗಿತ್ತು?”

ನಾನು ಕಡತ ಮುಚ್ಚಿ, ಸ್ವಲ್ಪ ಯೋಚಿಸಿ, “ತುಂಬಾ ದೊಡ್ಡದು ಕಣ್ರಿ” ಅಂದೆ.