ಬೈಸ್ಟಾಂಡರ್ ಎಲ್ಲಿ?

ಕಾಸರಗೋಡಿನಿಂದ ಸರಕಾರಿ ಕೆಲಸಕ್ಕೆಂದು ದಕ್ಷಿಣಕ್ಕೆ ಬಂದ ಮೇಲೆ, ಆಸ್ಪತ್ರೆ ಮೆಟ್ಟಿಲು ಹತ್ತಿದಾಗಲೆಲ್ಲ ನಾನು ಒಂದೇ ಇಂಗ್ಲಿಷ್ ಪದದಿಂದ ಪೇಚಿಗೆ ಸಿಕ್ಕಿದ್ದೇನೆ. ಬೈಸ್ಟಾಂಡರ್. ನಿಘಂಟಿನ ಪ್ರಕಾರ ಸುಮ್ಮನೆ ನಿಂತು ನೋಡುವವನು. ಕೇರಳದ ಆಸ್ಪತ್ರೆಯಲ್ಲಿ ಹಾಗಲ್ಲ. ರೋಗಿಗೆ ಗಂಜಿ ತರುವ, ಔಷಧಿಗೆ ಓಡುವ, ಹಗಲಿರುಳು ಜೊತೆಗಿರುವ ಮನುಷ್ಯ ಅವನು. ಅವನಿಲ್ಲದೆ ದಾಖಲು ಮಾಡಿಕೊಳ್ಳುವುದಿಲ್ಲ.

೧. ಕೊರಳಿನ ಪಾಸು

ತಿರುವನಂತಪುರದ ಪಟ್ಟಂನಲ್ಲಿದ್ದಾಗ ನನಗೆ ಹರ್ನಿಯಾ ಆಪರೇಶನ್ ಆಯಿತು. ಬೈಸ್ಟಾಂಡರ್ ನನ್ನ ಹೆಂಡತಿ. ಆಸ್ಪತ್ರೆಯವರು ಕೊಟ್ಟ ಪಾಸನ್ನು ಕೊರಳಿಗೆ ಹಾಕಿಕೊಂಡವಳು ಮನೆಗೆ ಬಂದು ಮೂರು ದಿನವಾದರೂ ತೆಗೆಯಲಿಲ್ಲ.

"ಅದನ್ನು ತೆಗಿ ಮಾರಾಯ್ತಿ."

"ಇದು ಕೊರಳಲ್ಲಿದ್ದಷ್ಟು ದಿನವೇ ನೀವು ನನ್ನ ಮಾತು ಕೇಳಿದ್ದು" ಅಂದಳು.

೨. ರೋಗಿ ಯಾರು?

ಕೊಚ್ಚಿಗೆ ವರ್ಗವಾದ ಮೇಲೆ ಅವಳೇ ಹಾಸಿಗೆ ಹಿಡಿದಳು. ಈಗ ಬೈಸ್ಟಾಂಡರ್ ನಾನು. ಬೆಳಗ್ಗೆ ವಿಲ್ಲಿಂಗ್ಡನ್ ಐಲ್ಯಾಂಡಿನ ಆಫೀಸಿಗೆ ಮುಖ ತೋರಿಸಿ ಮಧ್ಯಾಹ್ನ ಆಸ್ಪತ್ರೆಗೆ ಓಡಿ ಬರುತ್ತಿದ್ದೆ. ಒಂದು ದಿನ ನನ್ನ ಮುಖ ನೋಡಿ, "ಐದು ನಿಮಿಷ ಇಲ್ಲಿ ಅಡ್ಡಾಗಿ, ನಾನು ಕೂತುಕೊಳ್ತೇನೆ" ಅಂದಳು. ಬೆಡ್ಡಿನಲ್ಲಿ ಮಲಗಿದ್ದೊಂದೇ ಗೊತ್ತು. ಎಚ್ಚರವಾದಾಗ ಹೊಸ ಡಾಕ್ಟರೊಬ್ಬರು ನನ್ನ ನಾಡಿ ಹಿಡಿದಿದ್ದರು. ಇವಳು ಕುರ್ಚಿಯಲ್ಲಿ ಕೂತು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು.

"ಬಹಳ ಚೇತರಿಸಿಕೊಂಡಿದ್ದಾರೆ" ಅಂದರು ಡಾಕ್ಟರು.

ಅವಳು ಹಾಗೆ ನಕ್ಕದ್ದು ಅದೇ ಕೊನೆ. ಹದಿನೈದು ದಿನದಲ್ಲಿ ಹೋದಳು. ನಿದ್ದೆ ಮಾಡಿದ ಆ ಐದು ನಿಮಿಷಕ್ಕಾಗಿ ನನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ.

೩. ಅರ್ಧ ಪಾಲು

ಕಳೆದ ವರ್ಷ ನನ್ನ ಕಣ್ಣಿನ ಪೊರೆ ತೆಗೆಸಲು ಕೊಚ್ಚಿಯದೇ ಇನ್ನೊಂದು ಆಸ್ಪತ್ರೆಗೆ ಹೋದೆ. ನರ್ಸ್ ಕೇಳಿದಳು: "ಬೈಸ್ಟಾಂಡರ್ ಎಲ್ಲಿ ಅಂಕಲ್?"

"ಯಾರೂ ಇಲ್ಲ. ಮಕ್ಕಳಿಲ್ಲ."

"ಹಾಗಾದರೆ ಇವತ್ತು ಆಗುವುದಿಲ್ಲ."

ಫಾರ್ಮು ಹಿಡಿದು, ಬೆಳಗ್ಗೆಯಿಂದ ಕೂತಿದ್ದ ಬೆಂಚಿಗೇ ಮರಳಿದೆ. ಅರವತ್ತು ದಾಟಿದ ಗಂಡಸು, ನಾಲ್ಕು ಜನರ ಎದುರು ಅತ್ತುಬಿಟ್ಟೆ. ಪಕ್ಕದಲ್ಲಿ ಒಬ್ಬ ಮಲಯಾಳಿ ಚೇಚಿ, ಅಂದರೆ ಅಕ್ಕ, ತಮ್ಮ ಗಂಡನ ಕಣ್ಣಿನ ಆಪರೇಶನ್ನಿಗೆ ಬಂದವರು, ಕೂತಿದ್ದರು. ಏನೂ ಕೇಳದೆ ನನ್ನ ಕೈಯಿಂದ ಫಾರ್ಮು ಕಿತ್ತುಕೊಂಡು ಸಹಿ ಹಾಕಿದರು.

"ನಿಮಗೂ ಇವರಿಗೂ ಏನು ಸಂಬಂಧ?" ಅಂದಳು ನರ್ಸ್.

"ಬೆಳಗ್ಗೆ ಏಳರಿಂದ ಒಂದೇ ಬೆಂಚಿನಲ್ಲಿ ಕೂತಿದ್ದೇವೆ. ಇನ್ನೇನು ಬೇಕು?"

ಆಪರೇಶನ್ ಮುಗಿದು ನನ್ನನ್ನೂ ಅವರ ಗಂಡನನ್ನೂ ಅಕ್ಕಪಕ್ಕ ಕೂರಿಸಿದರು. ಚೇಚಿ ಇಬ್ಬರನ್ನೂ ಒಂದೇ ಸಮ ಗದರಿಸತೊಡಗಿದರು. ಕಣ್ಣು ಮುಟ್ಟಬೇಡಿ, ಬಗ್ಗಬೇಡಿ, ಮಾತ್ರೆ ನುಂಗಿ. ನನ್ನನ್ನು ಹಾಗೆ ಯಾರಾದರೂ ಗದರಿಸಿ ಎಷ್ಟು ಕಾಲವಾಗಿತ್ತು!

ಅವರು ನೀರು ತರಲು ಎದ್ದದ್ದೇ ತಡ, ಗಂಡ ನನ್ನ ಕಿವಿಯ ಬಳಿ ಬಗ್ಗಿದರು:

"ಮೂವತ್ತು ವರ್ಷದಿಂದ ಇದನ್ನೆಲ್ಲ ನಾನೊಬ್ಬನೇ ಕೇಳುತ್ತಿದ್ದೆ ಸಾರ್. ಇವತ್ತು ಅರ್ಧ ನಿಮ್ಮ ಪಾಲಿಗೆ ಹೋಯಿತು. ದಯವಿಟ್ಟು ನಾಳೆ ಚೆಕಪ್ಪಿಗೂ ನಮ್ಮ ಜೊತೆಯಲ್ಲೇ ಬನ್ನಿ."