ಬಾನೆಟ್ಟಿನೊಳಗೊಂದು ಒಗ್ಗರಣೆ

ಕುಂಯ್... ಕುಂಯ್... ಕುಂಯ್... ಆಮೇಲೆ ಒಂದು ದೊಡ್ಡ ನಿಟ್ಟುಸಿರು, ಅದರ ಹಿಂದೆಯೇ ನಮ್ಮ ಯಜಮಾನರ ಬಾಯಿಂದ ಇಲ್ಲಿ ಬರೆಯಬಾರದ ಒಂದು ಮಾತು. ನನ್ನ ಸಂಸಾರದ ಬೆಳಗುಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಗಂಟೆಯ ಸದ್ದಿಗೆ ಎದ್ದು ಪ್ರೇಯರ್ ಹೇಳಿ ಬೆಳೆದವಳು ನಾನು. ಬ್ಯಾಡಗಿಗೆ ಸೊಸೆಯಾಗಿ ಬಂದಮೇಲೆ ಆ ಅಂಬಾಸಿಡರ್ ಕಾರಿನ ಸ್ಟಾರ್ಟರೇ ಗಂಟೆ, ಅವರ ಬೈಗುಳವೇ ಪ್ರೇಯರ್. ವಯಸ್ಸಾದವರಿಗೆ ಹಳೆಯ ವಸ್ತುಗಳ ಮೇಲೆ ಪ್ರೀತಿ ಹೆಚ್ಚು ಎನ್ನುತ್ತಾರೆ. ಶುದ್ಧ ನಾನ್‌ಸೆನ್ಸ್. ನನಗೆ ಆ ಕಾರು ಕಂಡರೆ ಆಗುತ್ತಿರಲಿಲ್ಲ. ಮೆಣಸಿನಕಾಯಿ ವ್ಯಾಪಾರಸ್ಥರ ಕಾರೆಂದ ಮೇಲೆ ಕೇಳಬೇಕೆ? ಡಿಕ್ಕಿಯಲ್ಲಿ ಸ್ಯಾಂಪಲ್ ಚೀಲ, ಸೀಟಿನ ಸಂದಿಯಲ್ಲಿ ಬೀಜ. ರೇಷ್ಮೆ ಸೀರೆ ಉಟ್ಟು, ಸೆಂಟು ಹಾಕಿಕೊಂಡು ಮದುವೆಗೆ ಹೋಗಿ ಕೂತರೆ ಪಕ್ಕದವರು ಸೀನಿ, "ಬ್ಯಾಡಗಿಯವರೇನ್ರಿ?" ಎಂದು ಕೇಳುತ್ತಿದ್ದರು. ಇಂಟ್ರಡಕ್ಷನ್ನಿನ ಅಗತ್ಯವೇ ಇರಲಿಲ್ಲ.

ಯಜಮಾನರು ಹೋದಮೇಲೆ ಕಾರು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ಮಲಗಿತು. ಮಗ ಮಲ್ಲಿಕಾರ್ಜುನನಿಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಅವನ ಮಗಳು ಸಹನಾಳಿಗೆ ಹದಿನಾರು ವರ್ಷ. ಹೆಸರು ಮಾತ್ರ ಸಹನಾ, ಉಳಿದದ್ದೆಲ್ಲ ಅವಸರ. ಆಕೆಗೆ ಆಟೋಮೊಬೈಲ್ ಡಿಪ್ಲೊಮಾ ಮಾಡುವಾಸೆ. ಅಪ್ಪ ಹಟ ಹಿಡಿದು ಪಿಯುಸಿ ಸೈನ್ಸಿಗೆ ಹಚ್ಚಿದ. ಅಂದಿನಿಂದ ಒಂದೇ ಮನೆಯಲ್ಲಿ ಇಬ್ಬರಿಗೂ ಮಾತು ಬಂದ್. ಸೊಸೆ ಶಾಲೆಯ ಟೀಚರ್, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಹೀಗಾಗಿ ನಾನೇ ಟೆಲಿಫೋನ್ ಎಕ್ಸ್‌ಚೇಂಜ್. "ಆಯಿ, ಪಪ್ಪಾಗ ಹೇಳು, ನಾಳೆ ಕಾಲೇಜಿನಾಗ ಮೀಟಿಂಗ್ ಐತಿ" ಎಂದು ಮೊಮ್ಮಗಳು ಅಪ್ಪನ ಎದುರಿಗೇ ನನಗೆ ಹೇಳುವಳು. "ಅವ್ವಾ, ಆಕಿಗೆ ಹೇಳು, ನಂಗ ಟೈಮ್ ಇಲ್ಲ" ಎಂದು ಅವನು ರೊಟ್ಟಿ ಮುರಿಯುತ್ತ ಹೇಳುವನು. ನಡುವೆ ಕೂತ ನಾನು ಎರಡೂ ಕಡೆಗೆ ಕತ್ತು ತಿರುಗಿಸಿ ತಿರುಗಿಸಿ ಸ್ಪಾಂಡಿಲೈಟಿಸ್ ತಂದುಕೊಂಡೆ.

ಒಂದು ಭಾನುವಾರ ಸಹನಾ ಸಿಟ್ಟಿನಲ್ಲಿ ಹೋಗಿ ತಾಡಪತ್ರಿ ಎಳೆದಳು. ಯಾವುದೋ ವಿಡಿಯೋ ನೋಡಿಕೊಂಡು ಕಾರ್ಬುರೇಟರ್ ಬಿಚ್ಚತೊಡಗಿದಳು. ಬೈಯಲೆಂದು ಹೋದ ಮಗ ಬಗ್ಗಿ ಅವಳ ಕೈಕೆಲಸ ನೋಡಿದ. ಆಮೇಲೆ, "ಹಂಗಲ್ಲ, ನಟ್ ಹಾಳಾಗತೈತಿ. ಕೊಡಿಲ್ಲೆ" ಎಂದ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ನಾನು ಸೌಟು ಕೆಳಗಿಟ್ಟೆ. ಎಕ್ಸ್‌ಚೇಂಜ್ ಇಲ್ಲದೆ ಡೈರೆಕ್ಟ್ ಲೈನ್!

ಅಲ್ಲಿಂದ ಮೂರು ತಿಂಗಳು ನಮ್ಮ ಮನೆಯಲ್ಲಿ ಹಬ್ಬ. ಪ್ರತಿ ಭಾನುವಾರ ಅಪ್ಪ ಮಗಳು ಶೆಡ್ಡಿನಲ್ಲೇ. ರಾಣೆಬೆನ್ನೂರಿನಿಂದ ಮಗ ಕ್ಲಚ್ ಪ್ಲೇಟ್ ತಂದರೆ, ಹೊಸ ರೇಷ್ಮೆ ಸೀರೆಯ ಮಡಿಕೆ ಬಿಡಿಸಿ ನೋಡುವವರ ಹಾಗೆ ನೋಡುತ್ತಿದ್ದಳು ಹುಡುಗಿ. ನನಗೂ ಡ್ಯೂಟಿ ಸಿಕ್ಕಿತು: ವ್ಹೀಲ್ ಕಪ್ಪುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು. ಮೊದಲ ಸಲ ಎಂಜಿನ್ ಗುಡುಗಿದಾಗ ಮೂವರೂ ಕೂಗಿದೆವು. ಪಕ್ಕದ ಮನೆಯವರು ನಮ್ಮಲ್ಲಿ ಯಾರೋ ಹೋದರೆಂದು ಓಡಿ ಬಂದರು.

ಮಗ ಒಂದು ಷರತ್ತು ಹಾಕಿದ್ದ. "ಹಾವೇರಿ ಆರ್‌ಟಿಓ ತನಕ ತನ್ನ ಕಾಲ ಮ್ಯಾಲೆ ಹೋಗಿ ಫಿಟ್‌ನೆಸ್ ಪಾಸಾಗಿ ಬಂದ್ರ ಇರಲಿ. ಇಲ್ಲಂದ್ರ ಅಲ್ಲಿಂದಲೇ ಗುಜರಿಗೆ." ಕಾರು ಗುಜರಿಗೆ ಹೋದರೆ ಹೋಗಲಿ, ಅದರ ಜೊತೆ ಇವರಿಬ್ಬರ ಮಾತೂ ಹೋದರೆ? ಆ ಯೋಚನೆ ಹೊಕ್ಕ ಮೇಲೆ ಅಂಬಾಸಿಡರಿನ ಕಡು ವೈರಿಯಾಗಿದ್ದ ನಾನು ಅದರ ಆಯಾ ಆಗಿಬಿಟ್ಟೆ.

ಹೊರಡುವ ದಿನ ನಾನು ಕೂಲಿಂಗ್ ಗ್ಲಾಸ್ ಹಾಕಿ ಹಿಂದಿನ ಸೀಟಿನಲ್ಲಿ ಕೂತೆ. ಮೋಟೆಬೆನ್ನೂರು ದಾಟಿ ಹೈವೇಗೆ ಬಂದಾಗ ಟ್ರ್ಯಾಕ್ಟರಿನವರು ಕೈ ಮಾಡಿದರು, ನಾನು ಮಹಾರಾಣಿಯಂತೆ ಕೈಯಾಡಿಸಿದೆ. ಮುಂದೆ ಅಪ್ಪ ಮಗಳು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಹಾಡು ಕೇಳುವವರ ಹಾಗೆ ತಲೆದೂಗುತ್ತಿದ್ದರು. ಹಾವೇರಿ ಮುಟ್ಟಿ, ಮೊದಲು ಹೊಗೆ ತಪಾಸಣೆಯ ಗೂಡಂಗಡಿಯ ಮುಂದೆ ನಿಂತೆವು. ಅಲ್ಲಿಯವನು ಸೈಲೆನ್ಸರಿಗೆ ನಳಿಗೆ ತೂರಿಸಿ, "ಸ್ವಲ್ಪ ರೇಸ್ ಮಾಡ್ರಿ ಸಾವ್ಕಾರ್ರ" ಎಂದ. ಮಗ ಮಾಡಿದ. ಮರುಕ್ಷಣವೇ ಬಾನೆಟ್ಟಿನ ಅಂಚಿನಿಂದ ಹೊಗೆಯೊಂದು ಎದ್ದಿತು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವಷ್ಟೇ, ಖಾರವಿಲ್ಲ ಎನ್ನುವವರು ಆ ದಿನ ಅಲ್ಲಿ ನಿಂತಿರಬೇಕಿತ್ತು. ತಪಾಸಣೆಯವನು ಸೀನಿದ. ಪಕ್ಕದ ಚಹಾದಂಗಡಿಯವರು ಕಪ್ಪು ಹಿಡಿದುಕೊಂಡೇ ರಸ್ತೆಯಾಚೆ ಓಡಿದರು. "ಸಾವ್ಕಾರ್ರ, ಇದು ಗಾಡಿನೋ, ಖಾನಾವಳಿನೋ?" ಎಂದು ಅವನು ಕೆಮ್ಮಿನ ನಡುವೆಯೇ ಕೇಳಿದ.

"ಬಾನೆಟ್ ಮುಚ್ಚಿದಾಕಿ ನೀನ. ಏನ ಬಿಟ್ಟಿ ಒಳಗ?" ಎಂದು ಮಗ ಗದರಿದ.

"ನಾ ಏನೂ ಬಿಟ್ಟಿಲ್ಲ! ನೀವು ಹಚ್ಚಿದ ವೈರ್ ಸುಡಾಕತ್ತೈತಿ!"

"ಹತ್ತು ಸಲ ಹೇಳೇನಿ, ಅವಸರ ಮಾಡಬ್ಯಾಡ ಅಂತ. ಹಿಂಗ ಕೆಲಸ ಮಾಡಾಕಿ ಡಿಪ್ಲೊಮಾ ಬೇರೆ ಮಾಡತಾಳಂತ!"

ಹುಡುಗಿಯ ಮುಖ ಕಲ್ಲಾಯಿತು. ಕಾರಿನಿಂದ ಇಳಿದು, ಅಪ್ಪನ ಕಡೆ ನೋಡದೆ, ನನ್ನ ಕಿಟಕಿಗೆ ಬಗ್ಗಿ ಹೇಳಿದಳು: "ಆಯಿ, ಪಪ್ಪಾಗ ಹೇಳು, ನಾ ಇನ್ನ ಈ ಗಾಡಿ ಮುಟ್ಟಂಗಿಲ್ಲ."

ಎಕ್ಸ್‌ಚೇಂಜ್ ಮತ್ತೆ ತೆರೆದಿತ್ತು. ಮೂರು ತಿಂಗಳ ಭಾನುವಾರಗಳೆಲ್ಲ ನನ್ನ ಕಣ್ಣೆದುರೇ ಹೊಗೆಯಾಗುತ್ತಿದ್ದವು. ನಾನು ಕೂಲಿಂಗ್ ಗ್ಲಾಸ್ ತೆಗೆದು, ಗಂಟಲು ಸರಿಮಾಡಿಕೊಂಡೆ. "ಐ ಬೆಗ್ ಯುವರ್ ಪಾರ್ಡನ್, ಬೋತ್ ಆಫ್ ಯೂ..."

ಮಗ ಗಕ್ಕನೆ ತಿರುಗಿದ. "ಅವ್ವ ಇಂಗ್ಲಿಷ್ ಸುರು ಮಾಡಿದಳಂದ್ರ ಏನೋ ಮಾಡ್ಯಾಳ!"

ಮಾಡಿದ್ದೆ. ಹಿಂದಿನ ದಿನ ಒಂದು ಇಲಿ ಕಾರಿನಡಿ ನುಸುಳಿದ್ದನ್ನು ಕಂಡು ನನ್ನ ಜೀವ ಹಾರಿತ್ತು. ಹೊಸ ವೈರನ್ನು ಅದು ಕಡಿದರೆ ಗತಿಯೇನು? ಮೆಣಸಿನಕಾಯಿಯ ಘಾಟಿಗೆ ಇಲಿ ಬರುವುದಿಲ್ಲವೆಂದು ಹೇಳಿದರೆ ಇಬ್ಬರೂ ನಗುತ್ತಾರೆಂದು, ಅವರು ಊಟಕ್ಕೆ ಹೋದಾಗ ಒಂದು ಹಿಡಿ ಮೆಣಸಿನಕಾಯಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಎಂಜಿನ್ನಿನ ಪಕ್ಕ ತುರುಕಿದ್ದೆ. ಸಹನಾ ಬಾನೆಟ್ ಎತ್ತಿ ಇಕ್ಕಳದಲ್ಲಿ ಹೊರತೆಗೆದಳು: ಹೊಗೆಯ ಬಿಸಿ ಪೈಪಿನ ಮೇಲೆ ಹದವಾಗಿ ಹುರಿದ ಮೆಣಸಿನಕಾಯಿ, ಮತ್ತು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಲೇಜಿ ಡೇಜಿ ಕಸೂತಿಯಿದ್ದ ಕರವಸ್ತ್ರದ ಅರೆಸುಟ್ಟ ಮೂಲೆ. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರ ಕಣ್ಣಲ್ಲೂ ನೀರು. ಅದು ನಗುವಿನದೋ ಘಾಟಿನದೋ, ನನ್ನ ಕಣ್ಣೂ ತುಂಬಿದ್ದರಿಂದ ಹೇಳಲಾರೆ.

"ಆತ ಬಿಡವಾ, ತಪ್ಪು ನಂದ" ಎಂದ ಮಗ, ನೇರವಾಗಿ ಮಗಳಿಗೆ. "ಡಿಪ್ಲೊಮಾದ್ದು ಮನಿಗೆ ಹೋಗಿ ಮಾತಾಡೋಣು."

ತಪಾಸಣೆಯವನು ಮೂಗೊರೆಸಿಕೊಂಡು ಚೀಟಿ ಕೊಟ್ಟ. "ಹೊಗಿ ಪಾಸ್ ಐತ್ರಿ. ಒಗ್ಗರಣಿ ಅಷ್ಟ ಫೇಲ್." ಫಿಟ್‌ನೆಸ್ಸೂ ಆಯಿತು.

ವಾಪಸ್ ಬರುವಾಗ ಸಹನಾ ಹಿಂದಕ್ಕೆ ತಿರುಗಿ ಕೇಳಿದಳು: "ಈ ಇಲಿ ಐಡಿಯಾ ಯಾರ ಕಲಿಸ್ಯಾರ ನಿಂಗ?"

"ನಿಮ್ಮಜ್ಜ" ಎಂದೆ. ಅವರು ಪ್ರತಿ ಸುಗ್ಗಿಗೂ ಹೀಗೆ ಗಂಟು ಇಡುತ್ತಿದ್ದರು. ಅವರ ಗಂಟು ಒಮ್ಮೆಯೂ ಸುಟ್ಟಿರಲಿಲ್ಲ. ಕೊನೆಯ ಸಲ ನಾನು ಅವರನ್ನು ಕಂಡದ್ದೂ ಆ ಕೆಲಸದಲ್ಲೇ. ಬೆಳಗಿನ ಬಿಸಿಲಲ್ಲಿ ತೋಳು ಮಡಚಿ, ಅರ್ಧ ದೇಹ ಬಾನೆಟ್ಟಿನೊಳಗೆ ಬಗ್ಗಿಸಿ ನಿಂತಿದ್ದರು. ಏನು ಮಾಡುತ್ತಾರೆಂದು ನೋಡಹೋದೆ. "ಒಳಗ ಹೋಗ, ಘಾಟ ಹತ್ತತೈತಿ ನಿನಗ" ಎಂದರು, ತಲೆ ಎತ್ತದೆ. ಮಧ್ಯಾಹ್ನ ಮಾರುಕಟ್ಟೆಯಿಂದ ಅವರ ಬದಲು ಸುದ್ದಿ ಬಂತು. ಇನ್ನೊಂದು ನಿಮಿಷ ನಿಂತಿದ್ದರೆ ಗಂಟನ್ನು ಎಲ್ಲಿಡಬೇಕೆಂದು ನೋಡಿರುತ್ತಿದ್ದೆ, ಅವರ ಮುಖವನ್ನೂ ನೋಡಿರುತ್ತಿದ್ದೆ. ಆದರೆ ಮದುವೆಯಾದಂದಿನಿಂದ ಅವರ ಒಂದು ಮಾತನ್ನೂ ಎದುರಾಡದೆ ಕೇಳಿರದ ನಾನು, ಅಂದು ಮಾತ್ರ ತೆಪ್ಪಗೆ ಒಳಗೆ ಹೋಗಿದ್ದೆ.