ಅಕ್ಕನ ಹೆಸರಿನ ಸೀಸೆ

ಅನುಮಾನ ಪಡುವುದು ನಾಗರಿಕನ ಮೊದಲ ಕರ್ತವ್ಯ. ಈ ಮಾತನ್ನು ಚಿಂತಾಮಣಿಯ ಚರ್ಚಾಸ್ಪರ್ಧೆಯಲ್ಲಿ ಮೇಜು ಗುದ್ದಿ ಹೇಳಿ ಕಪ್ ಗೆದ್ದವನು ನಾನು. ಹೀಗಿರುವಾಗ ನಮ್ಮ ಸಾದಲಿಯ ಬೀದಿಗೆ ಪ್ರತಿ ಗುರುವಾರ ಒಬ್ಬ ಹೆಂಗಸು ಕೊಡೆ ಹಿಡಿದು, ಚರ್ಮದ ಚೀಲ ನೇತುಹಾಕಿಕೊಂಡು ಬರುತ್ತಿದ್ದರೆ ಸುಮ್ಮನಿರಲಾದೀತೇ?

ಆಕೆ ಹೆಲ್ತ್ ವಿಸಿಟರ್ ಸರೋಜಮ್ಮ. ಶಿಡ್ಲಘಟ್ಟದಿಂದ ಮೊದಲನೇ ಬಸ್ಸಿಗೆ ಬಂದು, ಮನೆಮನೆ ಹೊಕ್ಕು ಬಸುರಿ ಬಾಣಂತಿಯರನ್ನು ನೋಡುವುದು ಆಕೆಯ ಕೆಲಸ. ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಏನು ತಿಂದ್ರಿ? ನಿದ್ದೆ ಬರುತ್ತಾ? ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದು ಬೇರೆ. ಕರೆಯದೆ ಬರುತ್ತಾರೆ, ಕಾಸು ಕೇಳುವುದಿಲ್ಲ, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಇಂಥವರನ್ನು ನಂಬುವುದುಂಟೇ!

ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಸರೋಜಮ್ಮ ಅವಳ ಕಾಲನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, "ಸ್ವಲ್ಪ ಊದಿದೆ ಕಣಮ್ಮಾ. ಬರೋ ಗುರುವಾರ ಬೆಳಿಗ್ಗೆದು ಮೂತ್ರ ಇದರಲ್ಲಿ ಹಿಡಿದಿಡು, ಪರೀಕ್ಷೆ ಮಾಡ್ತೀನಿ" ಎಂದು ಅಕ್ಕನ ಹೆಸರು ಬರೆದ ಸೀಸೆಯೊಂದನ್ನು ಕೊಟ್ಟು ಹೋದರು.

"ಹೊಟ್ಟೇಲಿರೋದನ್ನ ಸೀಸೇಲಿ ನೋಡ್ತಾರಂತೆ!" ಎಂದೆ.

"ನಿನ್ನ ತಲೇಲಿರೋದನ್ನ ಊರೆಲ್ಲ ನಿನ್ನ ಬಾಯಲ್ಲಿ ನೋಡ್ತಾ ಇಲ್ವಾ? ಸುಮ್ನಿರೋ ಸೀನಾ" ಎಂದಳು ಅಕ್ಕ.

ನಾನು ಸುಮ್ಮನಿರಲಿಲ್ಲ. ಗುರುವಾರ ಬೆಳಿಗ್ಗೆ ಆ ಸೀಸೆಯನ್ನು ಹಿತ್ತಲಿಗೆ ಒಯ್ದು, ಇದ್ದದ್ದನ್ನು ಕುಂಬಳಬಳ್ಳಿಗೆ ಅರ್ಪಿಸಿ, ತೊಳೆದು, ನನ್ನದನ್ನು ತುಂಬಿಸಿಟ್ಟೆ. ಗಂಡಸಿನ ಮೂತ್ರದಲ್ಲಿ ಬಸುರಿಯ ಕಾಯಿಲೆ ಕಂಡಿತೆಂದರೆ ಬಣ್ಣ ಬಯಲು! ಎಂಥ ಶಾಸ್ತ್ರೀಯ ಪ್ರಯೋಗ!

ನಮ್ಮ ಮನೆಯಲ್ಲಿ ಆಗ ರೇಷ್ಮೆಹುಳು ಗೂಡು ಕಟ್ಟಲು ಎರಡೇ ದಿನ ಬಾಕಿ. ಅಂಥ ಹೊತ್ತಿನಲ್ಲಿ ಹೊರಗಿನವರ ಕಾಲೂ ಒಳಗೆ ಬೀಳಬಾರದು, ಹೊರಗಿನ ವಾಸನೆಯೂ ಸುಳಿಯಬಾರದು. ಅಮ್ಮ ಹೊಸ್ತಿಲಲ್ಲೇ ಸರೋಜಮ್ಮನನ್ನು ತಡೆದಳು.

"ತಪ್ಪು ತಿಳ್ಕೋಬೇಡಿ ತಾಯಿ. ನಿಮ್ಮ ಸ್ಪಿರಿಟ್ ದೀಪದ ವಾಸನೆ ಹುಳಕ್ಕೆ ತಗುಲ್ತು ಅಂದ್ರೆ ಒಂದೂ ಗೂಡು ಕಟ್ಟಲ್ಲ. ಜಗಲಿ ಮೇಲೇ ಮಾಡ್ಕೊಳ್ಳಿ."

ಜಗಲಿ! ಅಂದರೆ ವೇದಿಕೆ! ನಾನು ಬೀದಿಯವರನ್ನೆಲ್ಲ ಕೂಗಿದೆ. ಎದುರು ಮನೆಯಲ್ಲಿ ನೂಲು ತೆಗೆಯುವ ಫಾತಿಮಾಬಿ ಗೂಡು ಬೇಯುವ ನೀರನ್ನು ಹಾಗೇ ಬಿಟ್ಟು ಒದ್ದೆ ಕೈಯಲ್ಲಿ ಬಂದರು.

ಸರೋಜಮ್ಮ ಗಾಜಿನ ನಳಿಗೆಗೆ ಒಂದಿಷ್ಟು ಸುರಿದು ದೀಪದ ಮೇಲೆ ಕಾಯಿಸಿದರು. ಏನೋ ಹನಿ ಬಿಟ್ಟರು. ಮೊಟ್ಟೆಯ ಬಿಳಿ ಕದಡಿದಂತೆ ಮೋಡ ಕಟ್ಟಿತು. ಅವರ ಮುಖವೂ ಹಾಗೇ ಮೋಡ ಕಟ್ಟಿತು.

"ಇವತ್ತೇ ಶಿಡ್ಲಘಟ್ಟದ ಆಸ್ಪತ್ರೆಗೆ ಹೋಗ್ಬೇಕು. ಬಿಟ್ರೆ ತಾಯಿಗೂ ಕಷ್ಟ, ಮಗೂಗೂ ಕಷ್ಟ."

ಅಮ್ಮನ ಕಂಕುಳಲ್ಲಿದ್ದ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಕೆಳಗೆ ಬಿತ್ತು. ಅಕ್ಕ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎದುರಾಳಿ ಪೂರ್ತಿ ಸಿಕ್ಕಿಬೀಳುವವರೆಗೆ ಕಾಯಬೇಕೆಂಬುದು ಚರ್ಚೆಯ ನಿಯಮ!

"ತಮ್ಮ ಪರೀಕ್ಷೆ ತಪ್ಪಾಗಿರಬಹುದೇ?" ಎಂದೆ.

"ಇಲ್ಲ."

"ಈ ಸೀಸೆಯ ಧಣಿಗೆ ಕಾಯಿಲೆ ಇರುವುದು ಖಚಿತವೇ?"

"ಖಚಿತ ಕಣಪ್ಪಾ. ಬಸ್ಸಿಗೆ ಹೊತ್ತಾಯ್ತು, ಗಾಡಿ ಕಟ್ಸು."

"ಎಲ್ಲರೂ ಕೇಳಿದಿರಷ್ಟೇ?"

"ಕೇಳಿದ್ವಿ ಬೇಟಾ, ಜಲ್ದಿ ಹೇಳು, ಅಲ್ಲಿ ನನ್ನ ನೀರು ಕುದೀತಾ ಐತೆ!" ಎಂದರು ಫಾತಿಮಾಬಿ.

"ಮಹಾಜನರೇ! ಸೀಸೆಯಲ್ಲಿರುವುದು ಅಕ್ಕನದಲ್ಲ. ನನ್ನದು!"

ಚಪ್ಪಾಳೆಗಾಗಿ ಕಾದೆ. ಬೀಳಲಿಲ್ಲ. ಸರೋಜಮ್ಮ ಮೊದಲ ಸಲ ಏನನ್ನೂ ಕೇಳದೆ ನನ್ನ ಮುಖವನ್ನೇ ನೋಡಿದರು.

"ಕಾಲು ಇಲ್ಲಿಡಪ್ಪಾ."

ಹೆಬ್ಬೆರಳಿನಲ್ಲಿ ಒತ್ತಿದರು. ಗುಳಿ ಬಿತ್ತು. ತುಂಬಿಕೊಳ್ಳಲೇ ಇಲ್ಲ.

"ಬೆಳಿಗ್ಗೆ ಕಣ್ಣಿನ ಸುತ್ತ ಊದಿರುತ್ತಾ?"

"ಅದು... ಓದಿನ ಆಯಾಸ."

"ಹಾಗಾದ್ರೆ ಬಸ್ಸು ನಿಂಗೇ ಕಣಪ್ಪಾ."

ವಾದಿಸಲು ದಾರಿಯೇ ಇರಲಿಲ್ಲ. ಖಚಿತವೆಂದು ಬೀದಿಯವರ ಮುಂದೆ ಹೇಳಿಸಿದವನು ನಾನೇ!

ಅಕ್ಕ ಒಳಗೆ ಹೋಗಿ ಮತ್ತೆ ಸೀಸೆ ತಂದಳು. ಆ ಪರೀಕ್ಷೆ ತಿಳಿನೀರಿನಂತೆ ಬಂತು. ಅವಳ ಕಾಲು ಊದಿದ್ದು ದಿನವಿಡೀ ನಿಂತು ಸೊಪ್ಪು ಹೆಚ್ಚಿದ್ದಕ್ಕಂತೆ. "ಒಂದು ಗಳಿಗೆ ನನ್ನ ಮಗು ಹೋಯ್ತು ಅಂದ್ಕೊಂಡ್ನಲ್ಲೋ, ಪಾಪಿ" ಎಂದಳು. ನಾನು ಕೆಳಗೆ ಚೆಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ತುಂಬತೊಡಗಿದೆ. ಆಮೇಲೆ ಅವಳೇ ಕಣ್ಣೊರೆಸಿಕೊಂಡು, ಬಸ್ಸಿನಲ್ಲಿ ಗಾಳಿ ಹೊಡೆಯುತ್ತದೆಂದು ತನ್ನ ಶಾಲನ್ನು ನನಗೆ ಹೊದಿಸಿದಳು.

ಮೂತ್ರಪಿಂಡದ ಬಾವು, ಎಂದರು ಡಾಕ್ಟರು. ಎರಡು ತಿಂಗಳು ಉಪ್ಪಿಲ್ಲ! ನಾನು ಸಪ್ಪೆ ಸಾರಿನಲ್ಲಿ ಮುದ್ದೆ ನುಂಗುವಾಗ ಅಕ್ಕ ಎದುರಿಗೇ ಕೂತು ಮಾವಿನಕಾಯಿ ಉಪ್ಪಿನಕಾಯಿ ನೆಕ್ಕುತ್ತಿದ್ದಳು. ಸರೋಜಮ್ಮ ಗುರುವಾರ ಗುರುವಾರ ಬರುತ್ತಿದ್ದರು, ಈಗ ಇಬ್ಬರಿಗಾಗಿ. ಏನು ತಿಂದೆ? ನಿದ್ದೆ ಬರುತ್ತಾ? ನಾನು ಕೈಕಟ್ಟಿ ಉತ್ತರಿಸುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು. ಎದುರು ಜಗಲಿಯಿಂದ ಫಾತಿಮಾಬಿ, "ಎಷ್ಟನೇ ತಿಂಗಳು ಬೇಟಾ?" ಎನ್ನುತ್ತಿದ್ದರು.

ಅವರದೂ ತಪ್ಪಿಲ್ಲ. ಅಂದು ಸರೋಜಮ್ಮನ ಚೀಲದಲ್ಲಿ ಇದ್ದದ್ದು ಬಸುರಿಯರ ಕಾರ್ಡು ಮಾತ್ರ. ಅದರ ಮೇಲೇ ನನ್ನ ಹೆಸರು ಬರೆದುಕೊಟ್ಟಿದ್ದರು. ಆ ಕಾರ್ಡು ಇನ್ನೂ ನನ್ನ ಬಳಿ ಇದೆ. 'ಹೆರಿಗೆಯ ದಿನ' ಎಂಬಲ್ಲಿ ಅವರು ಒಂದು ಗೆರೆ ಎಳೆದು ಬಿಟ್ಟಿದ್ದಾರೆ.

ಅನುಮಾನವೇನೋ ಬಂತು, 'ಇಲ್ಲ' ಎಂದು ಬರೆಯದೆ ಗೆರೆ ಯಾಕೆ ಎಂದು. ಕೇಳಲಿಲ್ಲ. ಪರೀಕ್ಷೆ ಮಾಡಿಬಿಟ್ಟಾರು!